ಮೋಟರಿನ ತಗಡು ಓದೋಣ: ವೋಲ್ಟು, ಆಂಪಿಯರು, ವ್ಯಾಟಿನ ಲೆಕ್ಕ



ಉಳಿತಾಯದ ಲೆಕ್ಕ, ಬಡ್ಡಿ ಲೆಕ್ಕ, ಕಂತಿನ ಲೆಕ್ಕ ನಿಮಗೆ ನಾವು ಹೇಳಿಕೊಡಬೇಕಾದ್ದಿಲ್ಲ. ನೂರಕ್ಕೆ ಎರಡು ರೂಪಾಯಿಯಂತೆ ಹತ್ತು ಸಾವಿರಕ್ಕೆ ಆರು ತಿಂಗಳ ಬಡ್ಡಿ ಎಷ್ಟು ಎಂದರೆ ಪೆನ್ನು ಹಿಡಿಯದೆ ಹೇಳುವ ಅಕ್ಕಂದಿರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಕಡೆಯ ಸಂಘಕ್ಕೆ ಹೋದರೂ ಸಿಗುತ್ತಾರೆ. ಆದರೆ ಕರೆಂಟಿನ ಮಾತು ಬಂದ ಕೂಡಲೇ "ಅದೆಲ್ಲ ಗಂಡಸರಿಗೆ ಗೊತ್ತು ಬಿಡ್ರಿ" ಅಂದುಬಿಡುತ್ತೀರಿ. ಗಂಡಸರನ್ನು ಕೇಳಿದರೆ "ಲೈನ್‌ಮನ್‌ಗೆ ಗೊತ್ತು" ಅಂತಾರೆ. ಸಾಲ ಮಾತ್ರ ಸಂಘದ ಹೆಸರಿನಲ್ಲಿ ಇರ್ತದೆ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇವೆ ಅಂದರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಸಂಘದವರು ಬ್ಯಾಂಕ್ ಸಾಲ ತೆಗೆದು ಶಾವಿಗೆ ಮಿಷನ್ ಹಾಕಿದರು. ಶಿವರಾತ್ರಿ ಹೊತ್ತಿಗೆ ಶುರು ಮಾಡಿದರು. ಶಾವಿಗೆಗೆ ಬೇಸಿಗೆಯ ಎರಡು ಮೂರು ತಿಂಗಳೇ ಸುಗ್ಗಿ, ಅದು ನಿಮಗೂ ಗೊತ್ತು. ಯುಗಾದಿ ಇನ್ನೂ ಬಂದಿರಲಿಲ್ಲ, ಮೋಟರ್ ಸುಟ್ಟು ಕೂತಿತು. ರೀವೈಂಡಿಂಗ್ ಮಾಡಿಸಿದರು. ಹದಿನೈದು ದಿನಕ್ಕೆ ಮತ್ತೆ ಸುಟ್ಟಿತು. ರೀವೈಂಡಿಂಗಿಗೆ ಹೋದ ದುಡ್ಡಿಗಿಂತ, ಹಿಟ್ಟು ತಲೆಮೇಲೆ ಹೊತ್ತು ಬಂದವರು ಪಕ್ಕದೂರಿಗೆ ಹೋದರಲ್ಲ, ಆ ನಷ್ಟವೇ ದೊಡ್ಡದು. ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬಂತು. ಸಭೆಯಲ್ಲಿ "ಮಿಷನ್ನೇ ಖೊಟ್ಟಿ" ಎಂದು ಒಬ್ಬರು, "ನಡೆಸೋರಿಗೆ ಬರಲ್ಲ" ಎಂದು ಇನ್ನೊಬ್ಬರು. ಸಂಘ ಒಡೆಯುವ ಹಂತಕ್ಕೆ ಬಂದಿತ್ತು.

ನಾವು ಹೋಗಿ ನೋಡಿದೆವು. ಮೋಟರಿನ ಮೈಮೇಲೆ ಅಂಗೈಯಷ್ಟು ಒಂದು ತಗಡು ಇರ್ತದೆ, ನೇಮ್ ಪ್ಲೇಟ್ ಅಂತಾರೆ. ಅದರ ಮೇಲೆ ಹಿಟ್ಟು ಮೆತ್ತಿಕೊಂಡಿತ್ತು. ಒರೆಸಿ ಓದಿದರೆ ಮೂರು ಅಂಕಿ ಕಂಡವು: 1 ಎಚ್.ಪಿ., 230 ವೋಲ್ಟ್, 6.5 ಆಂಪಿಯರ್. ಮಿಷನ್ ತಂದ ದಿನದಿಂದ ಇವನ್ನು ಯಾರೂ ಓದಿರಲಿಲ್ಲ. ಮೋಟರ್ ಯಾಕೆ ಸುಟ್ಟಿತು ಎಂಬುದಕ್ಕೆ ಉತ್ತರ ಈ ಅಂಕಿಗಳಲ್ಲೇ ಇತ್ತು. ಹೇಗೆ ಎಂದು ನಿಧಾನವಾಗಿ ನೋಡೋಣ.

ಮೊದಲು ನೀರು ಕಾಯಿಸುವ ಕಾಯಿಲ್

ಊರಿನ ಸಿಸ್ಟನ್ ಟ್ಯಾಂಕು ನೆನಪು ಮಾಡಿಕೊಳ್ಳಿ. ಟ್ಯಾಂಕು ಎತ್ತರದಲ್ಲಿದ್ದರೆ ನಳದಲ್ಲಿ ನೀರು ರಭಸವಾಗಿ ಬರ್ತದೆ. ಈ ಒತ್ತಡವೇ ವೋಲ್ಟೇಜು. ನಳದಲ್ಲಿ ಹರಿಯುವ ನೀರೇ ಕರೆಂಟು, ಅದನ್ನು ಅಳೆಯುವುದು ಆಂಪಿಯರಿನಲ್ಲಿ. ಪೈಪು ಸಣ್ಣದಾದಷ್ಟು, ಉದ್ದವಾದಷ್ಟು ನೀರಿಗೆ ಅಡ್ಡಿ. ಕರೆಂಟಿಗೆ ಆಗುವ ಇಂಥ ಅಡ್ಡಿಗೆ ರೋಧ ಎಂದು ಹೆಸರು, ಅದರ ಅಳತೆ ಓಮ್. ಇನ್ನು ಆ ಕರೆಂಟು ಎಷ್ಟು ಕೆಲಸ ಮಾಡ್ತದೆ ಎಂಬುದು ವ್ಯಾಟ್.

ಲೆಕ್ಕ ಎರಡೇ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ. ಹತ್ತನೇ ತರಗತಿ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಕೇಳಿ ನೋಡಿ, ವಿಜ್ಞಾನ ಪುಸ್ತಕದಲ್ಲಿ ಇದೇ ಪಾಠ ಇದೆ. ಭಾಗಿಸುವ ಲೆಕ್ಕವನ್ನು 1827ರಲ್ಲಿ ಪುಸ್ತಕ ಬರೆದು ಲೋಕಕ್ಕೆ ಹೇಳಿದವನು ಜರ್ಮನಿಯ ಗೇಯಾರ್ಗ್ ಓಮ್. ಬೀಗ ಮಾಡುವವನ ಮಗ, ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು. ಆಗಿನ ಪಂಡಿತರು ಮೊದಮೊದಲು ಅವನ ಮಾತಿಗೆ ಬೆಲೆ ಕೊಡಲಿಲ್ಲ. ಈಗ ರೋಧದ ಅಳತೆಗೇ ಅವನ ಹೆಸರು.

ಬಕೆಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ ಅಂದುಕೊಳ್ಳಿ. ವ್ಯಾಟ್ ಗೊತ್ತಿದ್ದು ಆಂಪಿಯರ್ ಬೇಕಾದರೆ ತಿರುಗಿಸಿ ಭಾಗಿಸಬೇಕು. 1000 ಭಾಗಿಸು 230, ಉತ್ತರ ಸುಮಾರು 4.35 ಆಂಪಿಯರ್. ಇನ್ನು ರೋಧ: 230 ಭಾಗಿಸು 4.35, ಸುಮಾರು 53 ಓಮ್.

ಈ 53 ಓಮ್ ಇಟ್ಟುಕೊಂಡು ಏನು ಮಾಡುವುದು? ಇಲ್ಲಿಯೇ ಇರುವುದು ಉಪಯೋಗ. ಸಂಜೆ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಲ ವೋಲ್ಟೇಜು ಇಳಿಯುತ್ತದೆ. 180ಕ್ಕೆ ಇಳಿಯಿತು ಅನ್ನಿ. ಕಾಯಿಲ್ ಬದಲಾಗಿಲ್ಲ, ಅದರ ರೋಧ ಅದೇ 53. ಹಾಗಾದರೆ ಕರೆಂಟು 180 ಭಾಗಿಸು 53, ಅಂದರೆ 3.4 ಆಂಪಿಯರ್. ವ್ಯಾಟ್ ಎಷ್ಟು? 180 ಗುಣಿಸು 3.4, ಬರೀ 612. ವೋಲ್ಟೇಜು ಇಳಿದದ್ದು ನೂರಕ್ಕೆ ಇಪ್ಪತ್ತೆರಡರಷ್ಟು, ಶಾಖ ಇಳಿದದ್ದು ನೂರಕ್ಕೆ ನಲವತ್ತರ ಹತ್ತಿರ. ಬೆಳಗ್ಗೆ ಅರ್ಧ ತಾಸಿನಲ್ಲಿ ಕಾದ ನೀರಿಗೆ ಸಂಜೆ ಮುಕ್ಕಾಲು ತಾಸು ದಾಟುವುದು ಇದಕ್ಕೇ. "ಕಾಯಿಲ್ ಹಳೇದಾಯ್ತು" ಎಂದು ಹೊಸದು ತಂದವರು ನಮ್ಮಲ್ಲಿ ಇದ್ದಾರೆ!

ಒಂದು ಮಾತು ಹೇಳಿಬಿಡುತ್ತೇವೆ. ರೋಧ ಬದಲಾಗುವುದಿಲ್ಲ ಎಂಬ ಲೆಕ್ಕ ಕಾಯಿಲ್, ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಇಂಥವಕ್ಕೆ ಸರಿ. ಎಲ್‌ಇಡಿ ಬಲ್ಬು, ಟಿವಿ, ಮೊಬೈಲ್ ಚಾರ್ಜರಿಗೆ ಹೊಂದುವುದಿಲ್ಲ. ಮೋಟರಿಗಂತೂ ಪೂರ್ತಿ ಉಲ್ಟಾ.

ಮೋಟರ್ ಯಾಕೆ ಸುಟ್ಟಿತು

ಕಾಯಿಲ್ ವೋಲ್ಟೇಜು ಕಡಿಮೆಯಾದರೆ ಕರೆಂಟನ್ನೂ ಕಡಿಮೆ ಎಳೆಯುತ್ತದೆ, ಸುಮ್ಮನೆ ಮಂದವಾಗುತ್ತದೆ. ಮೋಟರಿಗೆ ಆ ಸ್ವಭಾವ ಇಲ್ಲ. ಹಿಟ್ಟು ಒತ್ತುವ ಕೆಲಸ ಅಷ್ಟೇ ಇರುವಾಗ, ಒತ್ತಡ ಕಡಿಮೆ ಬಂತು ಎಂದರೆ ಹೆಚ್ಚು ಕರೆಂಟು ಎಳೆದು ಸರಿತೂಗಿಸಲು ನೋಡುತ್ತದೆ. 230ರಲ್ಲಿ 6.5 ಆಂಪಿಯರ್ ತೆಗೆದುಕೊಳ್ಳುವ ಮೋಟರ್ 180ರಲ್ಲಿ ಎಂಟರ ಮೇಲೆ ಎಳೆಯಬಹುದು. ಒಳಗಿನ ತಂತಿಯ ಸುತ್ತು ಬಿಸಿಯಾಗುವುದು ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿದ ಲೆಕ್ಕದಲ್ಲಿ. ಹಾಗಾಗಿ ಕರೆಂಟು ಒಂದೂಕಾಲು ಪಟ್ಟಾದರೆ ಬಿಸಿ ಒಂದೂವರೆ ಪಟ್ಟಿಗೂ ಮೀರುತ್ತದೆ. ಮೊದಲು ಅರಗು ಕರಗಿದ ವಾಸನೆ, ಆಮೇಲೆ ಹೊಗೆ.

ಇದು ಅರ್ಧ ಕಥೆ. ಆ ಸಂಘದವರು ಮಿಷನ್ ಇಟ್ಟದ್ದು ಮನೆಯ ಹಿಂದಿನ ಶೆಡ್ಡಿನಲ್ಲಿ, ಮೀಟರಿನಿಂದ 40 ಮೀಟರ್ ದೂರ. ಅಲ್ಲಿಗೆ ಎಳೆದದ್ದು ಲೈಟಿಗೆ ಹಾಕುವ 1 ಎಂ.ಎಂ. ವೈರು. ದುಡ್ಡು ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ಈಗ ಅದರ ಲೆಕ್ಕ ನೋಡ್ರಿ. ಕರೆಂಟು ಹೋಗಬೇಕು, ತಿರುಗಿ ಬರಬೇಕು, ಆದ್ದರಿಂದ ದಾರಿ 80 ಮೀಟರ್. 1 ಎಂ.ಎಂ. ತಾಮ್ರದ ವೈರಿಗೆ ನೂರು ಮೀಟರಿಗೆ ಸುಮಾರು 1.8 ಓಮ್ ರೋಧ. 80 ಮೀಟರಿಗೆ 1.45 ಓಮ್ ಹತ್ತಿರ.

ಇಷ್ಟೇ ಇಷ್ಟು ಅನ್ನಿಸುತ್ತದೆ. ಆದರೆ ಮೋಟರ್ ನಡೆಯುವಾಗ 6.5 ಆಂಪಿಯರ್ ಈ ವೈರಿನಲ್ಲಿ ಹರಿಯುತ್ತದೆ. 6.5 ಗುಣಿಸು 1.45, ಅಂದರೆ ಒಂಬತ್ತೂವರೆ ವೋಲ್ಟ್ ದಾರಿಯಲ್ಲೇ ಸೋರಿತು. ಸೋರಿದ್ದು ಎಲ್ಲಿ ಹೋಯಿತು? ಒಂಬತ್ತೂವರೆ ವೋಲ್ಟನ್ನು 6.5 ಆಂಪಿಯರಿನಿಂದ ಗುಣಿಸಿ, 61 ವ್ಯಾಟ್. ಹಳೆಯ ಕಾಲದ ಅರವತ್ತು ಕ್ಯಾಂಡಲ್ ಬಲ್ಬು ಅಂತಿದ್ದೆವಲ್ಲ, ಅಂಥದ್ದೊಂದು ವೈರಿನೊಳಗೇ ಉರಿದ ಹಾಗೆ. ಯಾರಿಗೂ ಬೆಳಕಿಲ್ಲ, ಬಿಲ್ಲು ಮಾತ್ರ ನಮಗೆ. ವೈರು ಮುಟ್ಟಿದರೆ ಬಿಸಿ ಎಂದು ಒಬ್ಬ ತಂಗಿ ಮೊದಲೇ ಹೇಳಿದ್ದಳಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮಿಷನ್ ಶುರು ಮಾಡುವ ಕ್ಷಣ ಇನ್ನೂ ಕಷ್ಟ. ನಿಂತ ಮೋಟರ್ ತಿರುಗಲು ಶುರುವಾಗುವಾಗ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. 30 ಆಂಪಿಯರ್ ಅಂದುಕೊಳ್ಳಿ. 30 ಗುಣಿಸು 1.45 ಎಂದರೆ 43 ವೋಲ್ಟ್. ಮೀಟರಿನ ಹತ್ತಿರವೇ ಸಂಜೆ 190 ಇದ್ದರೆ ಶೆಡ್ಡಿನಲ್ಲಿ ಮೋಟರಿಗೆ ಸಿಗುವುದು 150ರ ಆಸುಪಾಸು. ಹಿಟ್ಟು ತುಂಬಿದ ಮಿಷನ್ ಅಷ್ಟರಲ್ಲಿ ತಿರುಗುವುದಿಲ್ಲ, "ಗುಂಯ್" ಅಂತ ಸದ್ದು ಮಾಡುತ್ತಾ ನಿಲ್ಲುತ್ತದೆ. ತಿರುಗದೆ ನಿಂತ ಮೋಟರ್ ಆ 20, 25 ಆಂಪಿಯರನ್ನು ಎಳೆಯುತ್ತಲೇ ಇರ್ತದೆ. "ಇನ್ನೊಂದು ಸಲ ಹಾಕಿ ನೋಡು, ಇನ್ನೊಂದು ಸಲ ಹಾಕಿ ನೋಡು" ಎಂದು ಸ್ವಿಚ್ಚು ಒತ್ತುತ್ತಾ ಹೋದರೆ ನಿಮಿಷದೊಳಗೆ ಮುಗಿಯಿತು. ಮಿಷನ್ನೂ ಖೊಟ್ಟಿ ಅಲ್ಲ, ನಡೆಸಿದವರೂ ದಡ್ಡರಲ್ಲ. ವೈರು ಸಣ್ಣದು, ದಾರಿ ಉದ್ದ, ಹೊತ್ತು ಸಂಜೆ. ಮೂರೂ ಕೂಡಿದವು.

ಅದೇ ದಾರಿಗೆ 2.5 ಎಂ.ಎಂ. ವೈರು ಹಾಕಿದ್ದರೆ ರೋಧ 0.6 ಓಮ್ ಮಾತ್ರ. ಶುರುವಿನಲ್ಲಿ ಇಳಿಯುವುದು 43ರ ಬದಲು 18 ವೋಲ್ಟ್. ಅಲ್ಯೂಮಿನಿಯಂ ವೈರು ಅಗ್ಗ ಎಂದು ತಂದರೆ ಅದೇ ದಪ್ಪಕ್ಕೆ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ, ಅದೂ ಲೆಕ್ಕದಲ್ಲಿರಲಿ.

ತಿಂಗಳಿಗೆ ಎಷ್ಟು ಯೂನಿಟ್?

ಇದು ಸಾಲದ ಅರ್ಜಿ ಬರೆಯುವ ಮೊದಲು ಮಾಡಬೇಕಾದ ಲೆಕ್ಕ. ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ನಮ್ಮ ಮೋಟರಿನ ತಗಡಿನಂತೆ 230 ಗುಣಿಸು 6.5 ಎಂದರೆ 1495. ಆದರೆ ಮೋಟರಿನ ವಿಷಯದಲ್ಲಿ ಈ ಗುಣಾಕಾರ ಸ್ವಲ್ಪ ಹೆಚ್ಚು ತೋರಿಸುತ್ತದೆ, ಎಳೆದ ಕರೆಂಟೆಲ್ಲ ಕೆಲಸಕ್ಕೆ ಬರುವುದಿಲ್ಲ. ಅಂದಾಜಿಗೆ 0.8ರಿಂದ ಗುಣಿಸಿಕೊಳ್ಳಿ, ಸುಮಾರು 1200 ವ್ಯಾಟ್. ಅಂದರೆ ತಾಸಿಗೆ 1.2 ಯೂನಿಟ್. ಒಂದು ಎಚ್.ಪಿ. ಎಂದರೆ 746 ವ್ಯಾಟ್ ಅಲ್ಲವೇ ಎಂದು ತಿಳಿದವರು ಕೇಳಬಹುದು. 746 ಎಂಬುದು ಮೋಟರ್ ಕೊಡುವ ಕೆಲಸ, 1200 ಎಂಬುದು ಅದು ತಿನ್ನುವ ಕರೆಂಟು. ಎತ್ತು ತಿಂದ ಮೇವೆಲ್ಲ ಉಳುಮೆಗೇ ಹೋಗುವುದಿಲ್ಲವಲ್ಲ, ಹಾಗೆ. ಮೀಟರ್ ಎಣಿಸುವುದು ಮೇವನ್ನು.

ದಿನಕ್ಕೆ ನಾಲ್ಕು ತಾಸು, ತಿಂಗಳಿಗೆ 25 ದಿನ ನಡೆಸಿದರೆ 120 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 960 ರೂಪಾಯಿ (ದರ ವರ್ಷ ವರ್ಷ ಬದಲಾಗುತ್ತದೆ, ನಿಮ್ಮ ಬಿಲ್ಲಿನಲ್ಲಿರುವುದನ್ನೇ ಹಾಕಿಕೊಳ್ಳಿ), ಅದರ ಮೇಲೆ ನಿಗದಿತ ಶುಲ್ಕ. ಕೆ.ಜಿ.ಗೆ ಎಷ್ಟು ತೆಗೆದುಕೊಂಡರೆ ಕಂತು, ಕರೆಂಟು, ಕೂಲಿ ಎಲ್ಲಾ ಹೋಗಿ ಉಳಿಯುತ್ತದೆ ಎಂಬುದನ್ನು ಇದರಿಂದ ಕೂತು ಲೆಕ್ಕ ಹಾಕಬಹುದು. ಮಳೆಗಾಲದಲ್ಲಿ ಶಾವಿಗೆ ಇಲ್ಲ, ಕಂತು ಇದೆ. ಅದನ್ನೂ ಬರೆದುಕೊಳ್ಳಿ.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. "200 ಯೂನಿಟ್ ಫ್ರೀ ಐತಲ್ರೀ, ಬಿಲ್ಲು ಎಲ್ಲಿ ಬರ್ತದೆ?" ಎಂದು ಎಷ್ಟೋ ಸಭೆಗಳಲ್ಲಿ ಕೇಳಿದ್ದೇವೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ 200 ಎಂಬುದು ಮೇಲಿನ ಗಡಿ, ಎಲ್ಲರಿಗೂ ಸಿಗುವ ಪಾಲಲ್ಲ. ನಿಮ್ಮ ಮನೆಯ 2022-23ರ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ ಉಚಿತ. ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ ಹತ್ತರ ಬದಲು 10 ಯೂನಿಟ್ ಸೇರಿಸಬೇಕೆಂದು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಸರಾಸರಿ 45 ಇದ್ದ ಮನೆಗೆ 55 ಯೂನಿಟ್ ಉಚಿತ ಅಂದಂತಾಯಿತು. ಅದಕ್ಕಿಂತ ಮೇಲಿನದಕ್ಕೆ ದುಡ್ಡು. ಒಟ್ಟು 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಅದಲ್ಲದೆ ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವರಿಗೆ ಮನೆ ಮೀಟರೇ ಸಾಕು, ದರಪಟ್ಟಿಯಲ್ಲೇ ಅದಕ್ಕೆ ಅವಕಾಶ ಇದೆ. ಶಾವಿಗೆ ಮಿಷನ್, ಹಿಟ್ಟಿನ ಗಿರಣಿ, ಖಾರದ ಪುಡಿ ಮಿಷನ್ ಹಾಕಿ ಊರವರಿಂದ ದುಡ್ಡು ತೆಗೆದುಕೊಳ್ಳುವುದಾದರೆ ಬೇರೆ ಸಂಪರ್ಕ ಬೇಕು. ಕರೆಂಟ್ ಆಫೀಸಿಗೆ ಇಬ್ಬರು ಪ್ರತಿನಿಧಿಗಳು ಹೋಗಿ, ಮೋಟರಿನ ಎಚ್.ಪಿ. ಹೇಳಿ, ಯಾವ ದರ, ಎಷ್ಟು ಡಿಪಾಜಿಟ್ ಎಂದು ಮೊದಲೇ ಕೇಳಿಕೊಂಡು ಬನ್ನಿ. ಆ ಖರ್ಚೂ ಸಾಲದ ಅಂದಾಜಿನಲ್ಲಿ ಸೇರಿರಲಿ.

ತಗಡು ಅಳಿಸಿಹೋದ ಹಳೇ ಮಿಷನ್ ಕೊಳ್ಳುತ್ತಿದ್ದೀರಾ? ಅದಕ್ಕೂ ಉಪಾಯ ಇದೆ. ಈಗಿನ ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಪಕ್ಕದಲ್ಲಿ 3200 ಎಂದೋ 1600 ಎಂದೋ ಬರೆದಿರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್. ಮನೆಯ ಉಳಿದದ್ದೆಲ್ಲ ಆಫ್ ಮಾಡಿ, ಆ ಮಿಷನ್ ಒಂದನ್ನೇ ಹಿಟ್ಟು ಹಾಕಿ ನಡೆಸಿ, ಒಂದು ನಿಮಿಷದಲ್ಲಿ ಎಷ್ಟು ಸಲ ಮಿಟುಕಿತು ಎಂದು ಎಣಿಸಿ. ಅದನ್ನು 60ರಿಂದ ಗುಣಿಸಿ, 3200ರಿಂದ ಭಾಗಿಸಿದರೆ ತಾಸಿಗೆ ಎಷ್ಟು ಯೂನಿಟ್ ಎಂದು ಸಿಕ್ಕಿತು. 64 ಸಲ ಮಿಟುಕಿದರೆ 1.2 ಯೂನಿಟ್. ಇದೇ ಉಪಾಯದಿಂದ ಕಾಯಿಲ್ ಪರೀಕ್ಷೆ ಮಾಡಿ: ಸಾವಿರ ವ್ಯಾಟಿನದು 230 ವೋಲ್ಟ್ ಇದ್ದಾಗ 53 ಸಲ ಮಿಟುಕಿಸಬೇಕು. ಸಂಜೆ 33 ಸಲ ಮಾತ್ರ ಮಿಟುಕಿತು ಎಂದರೆ ವೋಲ್ಟೇಜು 180ಕ್ಕೆ ಬಂದಿದೆ ಎಂದು ತಿಳಿಯಿರಿ. ಮೀಟರನ್ನು ಕಣ್ಣಿನಿಂದ ನೋಡಿದರೆ ಸಾಕು, ಕೈ ಹಾಕಬಾರದು.

ಫ್ಯೂಸ್ ಇದೆಯಲ್ಲ ಎಂಬ ಧೈರ್ಯ

ಈ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ನಮ್ಮ ಮೈಗೂ ರೋಧ ಇದೆ. ಒಣ ಕೈಗೆ ಜಾಸ್ತಿ, ಒದ್ದೆ ಕೈಗೆ, ಬರಿಗಾಲಿಗೆ ತೀರಾ ಕಡಿಮೆ. ಒದ್ದೆ ಮೈಗೆ ಸುಮಾರು ಸಾವಿರ ಓಮ್ ಎಂದು ಹಿಡಿಯಿರಿ. 230 ಭಾಗಿಸು 1000, ಅಂದರೆ 0.23 ಆಂಪಿಯರ್ ಮೈಯಲ್ಲಿ ಹರಿಯುತ್ತದೆ. 0.02 ಆಂಪಿಯರಿಗೇ ಕೈ ಬಿಗಿದು ಬಿಡಿಸಿಕೊಳ್ಳಲು ಆಗುವುದಿಲ್ಲ, 0.05ರ ಹತ್ತಿರ ಗುಂಡಿಗೆಗೇ ಅಪಾಯ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಉರಿಯಲು ಬೇಕಾಗುವ ಕರೆಂಟೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಸಾಕು ಜೀವ ಹೋಗಲಿಕ್ಕೆ.

"ಫ್ಯೂಸ್ ಹೋಗ್ತದೆ ಬಿಡ್ರಿ" ಅಂತೀರಿ. ಹತ್ತು ಆಂಪಿಯರಿನ ಫ್ಯೂಸ್ 0.23 ಆಂಪಿಯರಿಗೆ ಯಾಕೆ ಹೋಗಬೇಕು? ಅದಕ್ಕೆ ಗೊತ್ತೇ ಆಗುವುದಿಲ್ಲ. ಫ್ಯೂಸ್, ಎಂ.ಸಿ.ಬಿ. ಇವು ವೈರನ್ನು ಕಾಯುತ್ತವೆ, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. 30 ಮಿಲಿ ಆಂಪಿಯರ್, ಅಂದರೆ 0.03 ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಬೀಳುವಂಥದ್ದನ್ನು ಕೇಳಿ ತನ್ನಿ. ಹಿಟ್ಟು ಕಲಸಿದ ಒದ್ದೆ ಕೈಯಲ್ಲಿ ನಡೆಸುವ ಮಿಷನ್ನಿಗೆ ಇದು ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಸಾಲದ ಅಂದಾಜಿನಲ್ಲಿ ಇದಕ್ಕೆ ಒಂದು ಸಾಲು ಇಲ್ಲದಿದ್ದರೆ ಅರ್ಜಿ ವಾಪಸು ಕಳಿಸುತ್ತೇವೆ ಎಂದು ಈಗಲೇ ಹೇಳಿಬಿಡುತ್ತೇವೆ.

ಅರ್ತಿಂಗ್ ವಿಷಯವೂ ಇದೇ ಭಾಗಾಕಾರ. ಮಿಷನ್ನಿನ ಮೈಗೆ ಕರೆಂಟು ಇಳಿದಾಗ ಅರ್ತ್ ಗುಂಡಿಯ ರೋಧ 5 ಓಮ್ ಇದ್ದರೆ 230 ಭಾಗಿಸು 5, ಅಂದರೆ 46 ಆಂಪಿಯರ್ ನೆಲಕ್ಕೆ ನುಗ್ಗಿ ಫ್ಯೂಸ್ ತಕ್ಷಣ ಹೋಗುತ್ತದೆ. ಆದರೆ ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆಯ ಒಣ ನೆಲ ನಿಮಗೆ ಗೊತ್ತು. ಬೇಸಿಗೆಯಲ್ಲಿ ಗುಂಡಿ ಒಣಗಿ ರೋಧ 100 ಓಮ್ ಆಯಿತು ಅನ್ನಿ. ಹರಿಯುವುದು 2.3 ಆಂಪಿಯರ್ ಮಾತ್ರ. ಫ್ಯೂಸ್ ಹೋಗುವುದಿಲ್ಲ, ಮಿಷನ್ನಿನ ಮೈಯಲ್ಲಿ ಕರೆಂಟು ಹಾಗೇ ಕಾದು ಕೂತಿರುತ್ತದೆ. ಶಾವಿಗೆ ಸುಗ್ಗಿಯೂ ಬೇಸಿಗೆಯಲ್ಲೇ. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸಿ, ಬೇಸಿಗೆ ಮುಗಿಯುವವರೆಗೆ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಪಾತ್ರೆ ತೊಳೆದ ನೀರಾದರೂ ನಡೆಯುತ್ತದೆ. ಫ್ಯೂಸ್ ಹೋದಾಗ ಕೈಗೆ ಸಿಕ್ಕ ದಪ್ಪ ತಂತಿ ಕಟ್ಟುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಕರೆಂಟು ಕಂಬಕ್ಕೋ, ವೈರು ಹಾದ ಶೆಡ್ಡಿನ ತಗಡಿಗೋ ಕಟ್ಟಬೇಡಿ. ನೂಲಿನ ಇಲ್ಲವೆ ಪ್ಲಾಸ್ಟಿಕ್ ಹಗ್ಗ ಕಟ್ಟಿ.

ಆ ಸಂಘದ ಮಿಷನ್ ಈಗ ಮೀಟರಿನ ಪಕ್ಕದ ಪಡಸಾಲೆಗೆ ಬಂದಿದೆ. 2.5 ಎಂ.ಎಂ. ವೈರು, ಎಂಟು ಮೀಟರ್. ಬೇರೆ ಸಂಪರ್ಕಕ್ಕೆ ಅರ್ಜಿ ಹಾಕಿ ಮೀಟರ್ ಕೂಡಿಸಿಕೊಂಡಿದ್ದಾರೆ. ಹಿಂದೆ ಬಲ್ಬು ಮಂಕಾದರೆ ವೋಲ್ಟೇಜು ಇಳಿದದ್ದು ಗೊತ್ತಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವು ಇಳಿದರೂ ಹಾಗೇ ಉರಿಯುತ್ತವೆ, ಆದ್ದರಿಂದ ಅಂಕಿ ತೋರಿಸುವ ಸಣ್ಣ ವೋಲ್ಟ್ ಮೀಟರೊಂದನ್ನು ಸ್ವಿಚ್ಚಿನ ಮೇಲೆ ಕೂಡಿಸಿದ್ದಾರೆ. ಅದು 200ಕ್ಕಿಂತ ಕೆಳಗೆ ತೋರಿಸಿದರೆ ಮಿಷನ್ ಹಾಕುವುದಿಲ್ಲ ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿದ್ದಾರೆ. ಹಿಟ್ಟು ಕಲಸಿಬಿಟ್ಟಿದ್ದರೆ ಒದ್ದೆ ಬಟ್ಟೆ ಮುಚ್ಚಿಟ್ಟು, ವೋಲ್ಟೇಜು ಬರುವವರೆಗೆ ಗಿರಾಕಿಗಳ ಜೊತೆ ಮಾತಾಡುತ್ತಾ ಕೂರುತ್ತಾರೆ.